ಹ್ಯೂಮಿಕ್ ಡಬ್ಬಿಯೂ ಸೊಪ್ಪಿನ ಬೆಟ್ಟವೂ

ಮಲೆನಾಡಿನ ಪೇಟೆಗಳ ಗೊಬ್ಬರದ ಅಂಗಡಿಗಳಲ್ಲಿ ಈಚಿನ ವರ್ಷಗಳಲ್ಲಿ ಕಪ್ಪು ದ್ರವ ತುಂಬಿದ ಡಬ್ಬಿಗಳ ಸಾಲೊಂದು ನೆಲೆಯೂರಿದೆ. ಹ್ಯೂಮಿಕ್ ಆಮ್ಲ, ಪೊಟ್ಯಾಸಿಯಂ ಹ್ಯೂಮೇಟ್, ಫಲ್ವಿಕ್ ಎಂದು ಹೆಸರುಗಳು ಹಲವು. ಕೆಲವು ಕಡೆ ಅದೇ ವಸ್ತು ಹೊಳೆಯುವ ಕಪ್ಪು ಹರಳಾಗಿ ಪೊಟ್ಟಣದಲ್ಲಿಯೂ ದೊರೆಯುತ್ತದೆ. ಡಬ್ಬಿಯ ಮೇಲೆ ಹಸಿರೆಲೆಯ ಚಿತ್ರ, ಅದರ ಕೆಳಗೆ ‘ಸಂಪೂರ್ಣ ಸಾವಯವ’ ಎಂಬ ಮುದ್ರೆ. ಕೃಷಿಮೇಳದ ಮಳಿಗೆಯಲ್ಲಿ ಮಾರುವಾತ ಗಾಜಿನ ಲೋಟದ ನೀರಿಗೆ ಒಂದು ಚಿಟಿಕೆ ಹರಳು ಉದುರಿಸಿ, ನೀರು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗುವುದನ್ನು ತೋರಿಸುತ್ತಾನೆ. ಒಂದು ಎಕರೆಗೆ ಒಂದು ಲೀಟರು ಸಾಕು, ಅದು ಹತ್ತು ಗಾಡಿ ಗೊಬ್ಬರಕ್ಕೆ ಸಮ ಎನ್ನುತ್ತಾನೆ. ದರಕು ಹೊರಲು ಆಳು ಸಿಗದೆ, ಕೊಟ್ಟಿಗೆಯಲ್ಲಿ ದನ ಉಳಿಯದೆ ಕಂಗೆಟ್ಟಿರುವ ತೋಟಿಗನಿಗೆ ಈ ಮಾತು ಹಿತವಾಗಿ ಕೇಳಿಸುವುದು ಸಹಜವೇ. ಡಬ್ಬಿ ಕೊಂಡವನನ್ನು ಮೂರ್ಖನೆಂದು ಹಳಿಯುವುದು ನ್ಯಾಯವಲ್ಲ. ಆದರೆ ‘ಹತ್ತು ಗಾಡಿಗೆ ಸಮ’ ಎಂಬ ಮಾತನ್ನು ಲೆಕ್ಕಕ್ಕೆ ಹಿಡಿದು ನೋಡದೆ ಬಿಡುವುದೂ ಸರಿಯಲ್ಲ.

ಹಳೆಯ ಗೊಬ್ಬರದ ಗುಂಡಿಯ ತಳದಲ್ಲಿ, ಕಾಡಿನ ತರಗೆಲೆಯ ಹಾಸಿನ ಅಡಿಯಲ್ಲಿ ಕೈಹಾಕಿದರೆ ಸಿಗುವ ಕಪ್ಪು, ಮೆದು, ಒಳ್ಳೆಯ ಮಣ್ಣಿನ ವಾಸನೆಯ ವಸ್ತುವಿಗೆ ವಿಜ್ಞಾನಿಗಳು ಹ್ಯೂಮಸ್ ಎಂಬ ಹೆಸರಿಟ್ಟರು. ಎಲೆ, ಕಡ್ಡಿ, ಸಗಣಿ, ಸತ್ತ ಬೇರು, ಸತ್ತ ಜೀವಾಣು ಎಲ್ಲವೂ ಕೊಳೆತು, ಹಲವು ಬಾರಿ ಹುಳುವಿನ ಹೊಟ್ಟೆಯನ್ನೂ ಹಾದು ಕೊನೆಗೆ ಉಳಿಯುವ ಅಂಶ ಅದು. ಅದು ನೀರನ್ನು ಹಿಡಿದಿಡುತ್ತದೆ, ಮಣ್ಣಿನ ಕಣಗಳನ್ನು ಕೂಡಿಸಿ ಉಂಡೆಗಟ್ಟಿಸುತ್ತದೆ, ಪೊಟ್ಯಾಷ್, ಸುಣ್ಣ, ಮೆಗ್ನೀಸಿಯಂನಂತಹ ಪೋಷಕಗಳನ್ನು ಮಳೆಯ ನೀರಿನೊಡನೆ ಹರಿದುಹೋಗಲು ಬಿಡದೆ ತಡೆಯುತ್ತದೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೆ ಇದರ ಅಗತ್ಯ ಇತರ ಮಣ್ಣುಗಳಿಗಿಂತ ಹೆಚ್ಚು. ಇಲ್ಲಿಯ ಜೇಡಿಯ ಬಹುಪಾಲು ಕೆಯೊಲಿನೈಟ್ ಜಾತಿಯದು; ಬಯಲುಸೀಮೆಯ ಎರೆಮಣ್ಣಿನ ಜೇಡಿಗೆ ಇರುವ ಧಾರಣಶಕ್ತಿ ಅದಕ್ಕಿಲ್ಲ. ಸಾವಿರಾರು ಮಿಲಿಮೀಟರ್ ಮಳೆ ತೊಳೆದ ಈ ಹುಳಿ ಮಣ್ಣಿನಲ್ಲಿ ಪೋಷಕಗಳನ್ನು ಹಿಡಿದಿಡುವ ಕೆಲಸದ ದೊಡ್ಡ ಪಾಲು ಜೀವಾಂಶದ ಹೆಗಲ ಮೇಲಿದೆ. ಜೀವಾಂಶ ಕಳೆದುಕೊಂಡ ಜಂಬಿಟ್ಟಿಗೆ ಗಟ್ಟಿ ನೆಲವಾಗುತ್ತದೆ. ಅದಕ್ಕೆ ಸುರಿದ ಗೊಬ್ಬರ ಆಷಾಢದಲ್ಲಿ ಹಳ್ಳ ಸೇರುತ್ತದೆ.

ಡಬ್ಬಿಯಲ್ಲಿರುವುದೂ ಇದೇ ಹ್ಯೂಮಸ್ ಎಂಬುದು ಮಾರಾಟದ ಮಾತಿನ ತಿರುಳು. ಅದು ಅರ್ಧ ಸತ್ಯ ಮಾತ್ರ.

1786ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರಾನ್ಜ್ ಕಾರ್ಲ್ ಅಕಾರ್ಡ್, ಜೌಗು ನೆಲದ ಪೀಟ್ ಎಂಬ ಕಪ್ಪು ವಸ್ತುವನ್ನು ಕ್ಷಾರದ ದ್ರಾವಣದಲ್ಲಿ ನೆನೆಸಿ, ಬಂದ ಕಂದು ನೀರಿಗೆ ಆಮ್ಲ ಬೆರೆಸಿದ. ಕಪ್ಪು ಗಸಿಯೊಂದು ತಳ ಸೇರಿತು. ಈ ಗಸಿಗೇ ಮುಂದೆ ಹ್ಯೂಮಿಕ್ ಆಮ್ಲವೆಂಬ ಹೆಸರು ಬಂತು. ಆಮ್ಲ ಹಾಕಿದ ಮೇಲೂ ತಳ ಸೇರದೆ ಹಳದಿಯಾಗಿ ನೀರಿನಲ್ಲಿಯೇ ಉಳಿಯುವುದು ಫಲ್ವಿಕ್ ಆಮ್ಲ. ಕ್ಷಾರಕ್ಕೂ ಕರಗದೆ ಉಳಿಯುವುದು ಹ್ಯೂಮಿನ್. ಎರಡು ಶತಮಾನಗಳ ಬಳಿಕವೂ ವಿಧಾನ ಬದಲಾಗಿಲ್ಲ. ಬದಲಾಗಿರುವುದು ಕಚ್ಚಾವಸ್ತು ಮತ್ತು ಪ್ರಮಾಣ. ಇಂದು ಮಾರುಕಟ್ಟೆಯ ಹ್ಯೂಮಿಕ್‌ನ ಹೆಚ್ಚಿನ ಪಾಲು ಬರುವುದು ಎಲೆಗೊಬ್ಬರದಿಂದಲ್ಲ, ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಿನಿಂದ ಮತ್ತು ಗಾಳಿಗೆ ಮಾಗಿದ ಲಿಗ್ನೈಟ್ ಆದ ಲಿಯೊನಾರ್ಡೈಟ್‌ನಿಂದ. (ಅಮೆರಿಕದ ಉತ್ತರ ಡಕೋಟಾದ ಭೂವಿಜ್ಞಾನಿ ಎ. ಜಿ. ಲಿಯೊನಾರ್ಡ್ ಹೆಸರನ್ನು ಆ ಕಲ್ಲಿಗೆ ಇಡಲಾಗಿದೆ.) ಪುಡಿ ಮಾಡಿದ ಕಲ್ಲಿದ್ದಲನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನೊಡನೆ ಬೇಯಿಸಿ, ಸೋಸಿದರೆ ಪೊಟ್ಯಾಸಿಯಂ ಹ್ಯೂಮೇಟ್ ಸಿದ್ಧ. ಭಾರತದಲ್ಲಿ ತಮಿಳುನಾಡಿನ ನೈವೇಲಿ, ಗುಜರಾತಿನ ಕಛ್, ರಾಜಸ್ಥಾನದ ಬಾರ್ಮೇರ್ ಲಿಗ್ನೈಟ್‌ನ ನೆಲೆಗಳು. ದಕ್ಷಿಣ ಭಾರತದ ಹ್ಯೂಮಿಕ್ ಸಂಶೋಧನೆಯಲ್ಲಿ ನೈವೇಲಿಯ ಲಿಗ್ನೈಟ್‌ಗೆ ಮೊದಲಿನಿಂದಲೂ ಸ್ಥಾನವಿದೆ. ನೈವೇಲಿಯ ಸುತ್ತಲಿನ ರೈತರಿಗೆ ಆ ಗಣಿಯ ಪರಿಚಯ ಬೇರೆಯೇ ಬಗೆಯದು. 2023ರ ಜುಲೈಯಲ್ಲಿ ಗಣಿಗೆ ಸಂಬಂಧಿಸಿದ ಕಾಲುವೆ ಕೆಲಸಕ್ಕಾಗಿ ನಿಂತ ಭತ್ತದ ಗದ್ದೆಗಳಿಗೆ ಯಂತ್ರಗಳನ್ನು ಇಳಿಸಿದುದು ದೇಶಾದ್ಯಂತ ಸುದ್ದಿಯಾಗಿತ್ತು. ಹಸಿರೆಲೆಯ ಮುದ್ರೆ ನೋಡಿ ಡಬ್ಬಿ ಎತ್ತಿಕೊಳ್ಳುವಾತನಿಗೆ, ಆ ಕಪ್ಪು ಎಲ್ಲಿಯ ನೆಲವನ್ನು ಅಗೆದು ಬಂತು ಎಂಬ ಪ್ರಶ್ನೆ ಹೊಳೆಯುವುದೇ ಇಲ್ಲ. ಕಲ್ಲಿದ್ದಲು ಕೂಡ ಒಂದಾನೊಂದು ಕಾಲದ ಗಿಡಮರವೇ, ಆದ್ದರಿಂದ ಸಾವಯವವೇ ಎಂಬ ವಾದ ಉಂಟು. ಆ ಲೆಕ್ಕದಲ್ಲಿ ಪೆಟ್ರೋಲೂ ಸಾವಯವವೇ ಸರಿ.

ಮಣ್ಣುವಿಜ್ಞಾನದ ಒಳಗೆ ಇನ್ನೊಂದು ಚರ್ಚೆ ನಡೆದಿದೆ. ವಿದ್ಯಾರ್ಥಿಗಳು ಅದನ್ನು ಅವಶ್ಯ ತಿಳಿದಿರಬೇಕು. ಹ್ಯೂಮಿಕ್ ಆಮ್ಲ ಎಂಬ ದೊಡ್ಡ, ಜಟಿಲ, ಸುಲಭವಾಗಿ ಕೊಳೆಯದ ಅಣುಗಳು ಮಣ್ಣಿನಲ್ಲಿಯೇ ರೂಪುಗೊಳ್ಳುತ್ತವೆ, ಅವೇ ಫಲವತ್ತತೆಯ ಸಾರ ಎಂದು ಬಹುಕಾಲ ನಂಬಲಾಗಿತ್ತು. ಮುಂದೆ ಸ್ಟ್ರೆಪ್ಟೊಮೈಸಿನ್‌ಗಾಗಿ ನೊಬೆಲ್ ಪಡೆದ ಸೆಲ್ಮನ್ ವಾಕ್ಸ್‌ಮನ್ ಮೂಲತಃ ಮಣ್ಣಿನ ಜೀವಾಣುಗಳ ವಿಜ್ಞಾನಿ. ಹ್ಯೂಮಸ್ ಕುರಿತು 1936ರಲ್ಲಿ ಬರೆದ ಗ್ರಂಥದಲ್ಲಿಯೇ ಆತ ‘ಹ್ಯೂಮಿಕ್ ಆಮ್ಲ’ವೆಂಬ ಹೆಸರನ್ನು ಕೈಬಿಡುವುದು ಒಳಿತೆಂದು ವಾದಿಸಿದ್ದ, ಹೆಚ್ಚು ಮಂದಿ ಕಿವಿಗೊಡಲಿಲ್ಲ. 2015ರಲ್ಲಿ ಯೊಹಾನೆಸ್ ಲೇಮನ್ ಮತ್ತು ಮಾರ್ಕುಸ್ ಕ್ಲೇಬರ್ ‘ನೇಚರ್’ ಪತ್ರಿಕೆಯಲ್ಲಿ ಆ ವಾದವನ್ನು ಹೊಸ ಪುರಾವೆಗಳೊಡನೆ ಮುಂದಿಟ್ಟರು. ಪಿ.ಎಚ್. 13ರಷ್ಟು ತೀಕ್ಷ್ಣವಾದ ಕ್ಷಾರದಲ್ಲಿ ನೆನೆಸಿ ತೆಗೆದದ್ದು ಮಣ್ಣಿನಲ್ಲಿ ಇದ್ದ ಹಾಗೆಯೇ ಇರುವ ವಸ್ತುವಲ್ಲ, ಆ ವಿಧಾನದ ಫಲ; ಮಣ್ಣಿನಲ್ಲಿರುವುದು ನಿರಂತರವಾಗಿ ಒಡೆಯುತ್ತ ಸಾಗುವ ಚಿಕ್ಕ ದೊಡ್ಡ ತುಣುಕುಗಳ ಪ್ರವಾಹ ಎಂಬುದು ಅವರ ಪ್ರತಿಪಾದನೆ. ಈ ತುಣುಕುಗಳು ಮಣ್ಣಿನಲ್ಲಿ ಬಾಳುವುದು ಅವುಗಳ ಸ್ವಂತ ಗಟ್ಟಿತನದಿಂದಲ್ಲ. ಜೇಡಿಗೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳಿಗೆ ಅಂಟಿಕೊಳ್ಳುವುದರಿಂದ, ಮಣ್ಣಿನ ಉಂಡೆಗಳ ಒಳಗೆ ಜೀವಾಣುಗಳ ಕೈಗೆಟುಕದಂತೆ ಅಡಗುವುದರಿಂದ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ, ವಾಗ್ವಾದ ಮುಂದುವರಿದಿದೆ. ಆದರೂ ಮಲೆನಾಡಿನ ಕೆಂಪು ಮಣ್ಣಿನ ಮಟ್ಟಿಗೆ ಇದು ಆಶಾದಾಯಕ ಸಂಗತಿ. ಕಬ್ಬಿಣದ ಆಕ್ಸೈಡ್‌ಗೆ ಇಲ್ಲಿ ಬರವಿಲ್ಲ. ಜೀವಾಂಶವನ್ನು ಹಿಡಿದಿಡುವ ಗೂಟ ಈ ನೆಲದಲ್ಲಿಯೇ ಇದೆ. ಆ ಗೂಟಕ್ಕೆ ಕಟ್ಟುವ ಸರಕು, ಎಂದರೆ ಎಲೆ, ಸಗಣಿ ಮತ್ತು ಜೀವಂತ ಬೇರು, ಎಡೆಬಿಡದೆ ಬರುತ್ತಿರಬೇಕು.

ಹಾಗಾದರೆ ಡಬ್ಬಿ ಪೂರ್ತಿ ನಿಷ್ಪ್ರಯೋಜಕವೇ? ಹಾಗೆನ್ನಲಾಗದು. ಹ್ಯೂಮಿಕ್ ವಸ್ತುಗಳ ಕುರಿತ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಗಿಡದ ಮೇಲ್ಭಾಗದ ಒಣತೂಕ ಸರಾಸರಿ ಶೇಕಡಾ 22ರಷ್ಟು, ಬೇರಿನ ತೂಕ ಶೇಕಡಾ 21ರಷ್ಟು ಹೆಚ್ಚಿದುದು ಕಂಡುಬಂದಿದೆ. ಬೇರಿನ ತುದಿಯ ಜೀವಕೋಶಗಳಲ್ಲಿ ಪೋಷಕ ಹೀರುವ ಯಂತ್ರವನ್ನು ಅದು ಚುರುಕುಗೊಳಿಸುತ್ತದೆ, ಕವಲುಬೇರು ಹೆಚ್ಚಿಸುತ್ತದೆ. ಹುಳಿ ಮಣ್ಣಿನಲ್ಲಿ ಬೇರಿಗೆ ವಿಷವಾಗುವ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುವ ಗುಣವೂ ಅದಕ್ಕಿದೆ. ಆದರೆ ಸರಾಸರಿಯ ಒಳಗೆ ಏರಿಳಿತ ಬಹಳ. ಪ್ರಯೋಗಶಾಲೆಯ ಕುಂಡದ ಎಳೆಯ ಗಿಡದಲ್ಲಿ ಕಂಡ ಫಲ ಮೂವತ್ತು ವರ್ಷದ ಅಡಿಕೆ ಮರದಲ್ಲಿ ಕಾಣಬೇಕೆಂದಿಲ್ಲ. ಪ್ರಮಾಣ ಮೀರಿದರೆ ಬೇರಿನ ಬೆಳವಣಿಗೆ ಕುಂಠಿತವಾಗುವುದೂ ಉಂಟು. ಸಸಿಮಡಿ, ಮೆಣಸಿನ ಬಳ್ಳಿಯ ಕೊಟ್ಟೆ, ಜೀವಾಂಶ ಕಳೆದುಕೊಂಡ ಹಿತ್ತಿಲಿನ ತರಕಾರಿ ಪಾತಿಗಳಲ್ಲಿ ತೆಳುವಾಗಿ ಬಳಸಿದರೆ ಪ್ರಯೋಜನ ಕಾಣಬಹುದು. ಇನ್ನೂ ಒಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಬ್ರೆಜಿಲ್‌ನ ಕನೆಲ್ಲಾಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ, ಈ ಕ್ಷೇತ್ರದಲ್ಲಿ ಬಹಳವಾಗಿ ಉಲ್ಲೇಖಗೊಳ್ಳುವ ಅಧ್ಯಯನದಲ್ಲಿ ಮೆಕ್ಕೆಜೋಳದ ಬೇರನ್ನು ಚುರುಕುಗೊಳಿಸಿದ ಹ್ಯೂಮಿಕ್ ಆಮ್ಲ ಕಲ್ಲಿದ್ದಲಿನದಲ್ಲ, ಎರೆಗೊಬ್ಬರದ್ದು.

ಈಗ ಹತ್ತು ಗಾಡಿಯ ಲೆಕ್ಕ. ಒಂದು ಎಕರೆ ತೋಟದ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 800 ಟನ್. ಅದರಲ್ಲಿ ಶೇಕಡಾ 2ರಷ್ಟು ಸಾವಯವ ಇಂಗಾಲ ಇದೆಯೆಂದರೆ 16 ಟನ್ ಇಂಗಾಲವಾಯಿತು. ಬಿಸಿ ತೇವದ ಈ ಹವೆಯಲ್ಲಿ ವರ್ಷಕ್ಕೆ ಅದರ ನೂರರಲ್ಲಿ ಎರಡೇ ಪಾಲು ಕೊಳೆತು ಗಾಳಿಗೆ ಸೇರುತ್ತದೆಂದು ಹಿಡಿದರೂ 320 ಕಿಲೋ ಇಂಗಾಲ ನಷ್ಟ. ಅಷ್ಟನ್ನು ಮರಳಿ ತುಂಬಿದರೆ ಮಾತ್ರ ಮಣ್ಣು ಇದ್ದಲ್ಲಿ ನಿಲ್ಲುತ್ತದೆ. ಶೇಕಡಾ 12ರ ಹ್ಯೂಮಿಕ್ ದ್ರವ ಒಂದು ಲೀಟರಿನಲ್ಲಿ ಹ್ಯೂಮಿಕ್ ಇರುವುದು ಸುಮಾರು 120 ಗ್ರಾಂ. ಅದರಲ್ಲಿ ಇಂಗಾಲ ಹೆಚ್ಚುಕಡಿಮೆ ಅರ್ಧ, 60 ಗ್ರಾಂ. ಒಂದು ಡಬ್ಬಿಯ ಬದಲು ಹತ್ತು ಡಬ್ಬಿ ಸುರಿದರೂ 600 ಗ್ರಾಂ. ಇನ್ನೊಂದು ಕಡೆಯನ್ನು ನೋಡಬೇಕು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಕಾಂಪೋಸ್ಟ್ ಬೇಕು. ಎಕರೆಗೆ 550 ಮರವೆಂದರೆ ಕಾಂಪೋಸ್ಟ್ ಒಂದೇ 6,600 ಕಿಲೋ. ಅದರಲ್ಲಿ ಅರ್ಧ ನೀರೆಂದು ಕಳೆದು, ಉಳಿದುದರಲ್ಲಿ ಕಾಲುಭಾಗವೇ ಇಂಗಾಲವೆಂದು ಜಿಪುಣತನದಿಂದ ಎಣಿಸಿದರೂ 800 ಕಿಲೋ ಮೀರುತ್ತದೆ. ಹಸಿರೆಲೆ ಇದರ ಹೊರಗೆ. ಹತ್ತು ಗಾಡಿ ಹಾಗಿರಲಿ, ಒಂದು ಹೆಡಿಗೆ ಗೊಬ್ಬರದ ಇಂಗಾಲವೂ ಲೀಟರು ಡಬ್ಬಿಯಲ್ಲಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2021ರಲ್ಲಿ ತಂದ ತಿದ್ದುಪಡಿಯಲ್ಲಿ ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳನ್ನು ಸೇರಿಸಿದ್ದು ಗೊಬ್ಬರಗಳ ಪಟ್ಟಿಗಲ್ಲ, ‘ಜೈವಿಕ ಉತ್ತೇಜಕ’ಗಳ ಪಟ್ಟಿಗೆ. ಪೋಷಕಾಂಶ ಎಷ್ಟಿದೆ ಎಂಬುದನ್ನು ಲೆಕ್ಕಿಸದೆ ಗಿಡದ ಶಾರೀರಿಕ ಕ್ರಿಯೆಗಳನ್ನು ಉತ್ತೇಜಿಸುವ ವಸ್ತು ಎಂಬುದು ಅಲ್ಲಿಯ ವ್ಯಾಖ್ಯೆ. ಕೀಟನಾಶಕಗಳು ಅದರ ವ್ಯಾಪ್ತಿಗೆ ಸೇರುವುದಿಲ್ಲವೆಂದೂ ಅಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಬೂಸ್ಟ್ ಕೊಡುವುದು ಬೇರೆ, ಊಟ ಹಾಕುವುದು ಬೇರೆ. ತಾತ್ಕಾಲಿಕ ಪ್ರಮಾಣಪತ್ರದ ಮೇಲೆ ನಡೆಯುತ್ತಿದ್ದ ಇಂಥ ಉತ್ಪನ್ನಗಳ ಮಾರಾಟದ ಅವಧಿ 2025ರ ಜೂನ್‌ಗೆ ಮುಗಿದಿದೆ. ಆದ್ದರಿಂದ ಕೊಳ್ಳುವವರು ಹ್ಯೂಮಿಕ್‌ನ ಶೇಕಡಾವಾರು, ತಯಾರಿಕೆಯ ದಿನಾಂಕ, ತಯಾರಕರ ವಿಳಾಸ ಇರುವ ಚೀಟಿಯನ್ನೂ ಅಂಗಡಿಯ ಬಿಲ್ಲನ್ನೂ ಕೇಳಿ ಪಡೆಯಬೇಕು. ಎಲೆಚುಕ್ಕಿ ರೋಗ 2022ರ ಹೊತ್ತಿಗೆ ಮಲೆನಾಡಿನ ಅಡಿಕೆ ಸೀಮೆಯನ್ನು ವ್ಯಾಪಕವಾಗಿ ಹಿಡಿದ ಮೇಲೆ, ಹ್ಯೂಮಿಕ್ ಸುರಿದರೆ ರೋಗ ವಾಸಿಯಾಗುತ್ತದೆ ಎನ್ನುವವರೂ ತೋಟದ ಬಾಗಿಲಿಗೆ ಬರತೊಡಗಿದ್ದಾರೆ. ಎಲೆಚುಕ್ಕಿ ಶಿಲೀಂಧ್ರದ ರೋಗ. ಅದಕ್ಕೆ ಹ್ಯೂಮಿಕ್ ಮದ್ದಲ್ಲ. ಹಾಗೆಂದು ಹೇಳಿ ಮಾರುವುದು ಆ ವ್ಯಾಖ್ಯೆಗೇ ವಿರುದ್ಧ. ರೋಗದ ಹೆದರಿಕೆಯಲ್ಲಿರುವ ಮನೆಗೆ ಇಂಥ ಮಾತು ಹೇಳಿ ಹಣ ಪಡೆಯುವುದು ಸಣ್ಣ ಅಪರಾಧವೇನಲ್ಲ.

ಡಬ್ಬಿಯಲ್ಲಿರುವುದು ಹ್ಯೂಮಿಕ್ ಹೌದೋ ಅಲ್ಲವೋ ಎಂಬುದನ್ನು ತಾಲ್ಲೂಕಿನ ಪ್ರೌಢಶಾಲೆ, ಕಾಲೇಜುಗಳ ಪ್ರಯೋಗಾಲಯದಲ್ಲಿಯೇ ಸ್ಥೂಲವಾಗಿ ನೋಡಬಹುದು. ಅಕಾರ್ಡ್ ಮಾಡಿದ್ದನ್ನೇ ಮಾಡಬೇಕು. ದ್ರವದ ಕೆಲವು ಹನಿಗಳನ್ನು ಗಾಜಿನ ನಳಿಕೆಯ ನೀರಿಗೆ ಬೆರೆಸಿ, ಅಧ್ಯಾಪಕರ ಸಮ್ಮುಖದಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಸೇರಿಸಿ ರಾತ್ರಿಯಿಡೀ ಇಡಬೇಕು. ಹ್ಯೂಮಿಕ್ ಇದ್ದರೆ ಕಂದುಗಪ್ಪು ಗಸಿ ತಳಕ್ಕಿಳಿದು ಮೇಲಿನ ನೀರು ತಿಳಿಯಾಗುತ್ತದೆ. ಕಾಕಂಬಿಯೋ ಬಣ್ಣವೋ ಕಾಗದ ಕಾರ್ಖಾನೆಯ ಲಿಗ್ನೊಸಲ್ಫೊನೇಟೋ ಆಗಿದ್ದರೆ ನೀರು ಕಪ್ಪಾಗಿಯೇ ಉಳಿಯುತ್ತದೆ. ಬಳಿಕ ಮನೆಯ ಗುಂಡಿಯ ಹಳೆಯ ಗೊಬ್ಬರವನ್ನು ಒಂದು ಹಿಡಿ ತಂದು, ವಾಷಿಂಗ್ ಸೋಡಾದ ನೀರಿನಲ್ಲಿ ಒಂದು ದಿನ ನೆನೆಸಿ, ಸೋಸಿ, ಅದೇ ಪರೀಕ್ಷೆಗೆ ಒಡ್ಡಬೇಕು. ಅದೇ ಬಣ್ಣ, ಅದೇ ಗಸಿ. (ಸೋಡಾದ ಆ ನೀರನ್ನು ಗಿಡಕ್ಕೆ ಹಾಕಬಾರದು, ಸೋಡಿಯಂ ಮಣ್ಣನ್ನು ಕೆಡಿಸುತ್ತದೆ.) ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಲೀಟರಿನಂತೆ ಸಿಗುವ ವಸ್ತು ಕೊಟ್ಟಿಗೆಯ ಹಿಂದೆ ಬಿದ್ದಿದೆಯೆಂದು ವಿದ್ಯಾರ್ಥಿಗೆ ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಹಿತ್ತಿಲಿನಲ್ಲಿ ಒಂದು ಹಂಗಾಮು ಬೆಂಡೆಯನ್ನೋ ಬದನೆಯನ್ನೋ ಬೆಳೆದು ಪರೀಕ್ಷಿಸುವುದೂ ಕಷ್ಟವಲ್ಲ. ಒಂದು ಸಾಲಿಗೆ ಹ್ಯೂಮೇಟ್, ಒಂದು ಸಾಲಿಗೆ ಬರಿಯ ನೀರು, ಮೂರನೆಯದಕ್ಕೆ ಹ್ಯೂಮೇಟ್‌ನಲ್ಲಿರುವಷ್ಟೇ ಪೊಟ್ಯಾಷ್. ಈ ಮೂರನೆಯ ಸಾಲನ್ನು ಬಿಡಬಾರದು. ಹ್ಯೂಮೇಟ್‌ನೊಡನೆ ಪೊಟ್ಯಾಷ್ ಸೇರಿಯೇ ಬರುತ್ತದೆ, ಕಂಡ ಫಲ ಎಷ್ಟೋ ಸಲ ಅದರದೇ ಆಗಿರಬಹುದು. ಸಾಧ್ಯವಿದ್ದರೆ ಎರೆಗೊಬ್ಬರದ ನಾಲ್ಕನೆಯ ಸಾಲೂ ಇರಲಿ. ಕೊಯ್ಲಿನ ತೂಕವನ್ನು ಸಾಲುಸಾಲಾಗಿ ಬರೆದಿಡಬೇಕು. ಅಡಿಕೆಯಲ್ಲಿ ಒಂದು ವರ್ಷ ಬಂದ ಫಸಲು ಮರುವರ್ಷ ಇಳಿಯುವುದು ಇದ್ದದ್ದೇ. ಅಲ್ಲಿ ಮೂರು ವರ್ಷವಾದರೂ ಕಾಯದೆ ತೀರ್ಮಾನಕ್ಕೆ ಬರುವಂತಿಲ್ಲ.

ಡಬ್ಬಿ ಕೊಳ್ಳುವುದರಿಂದ ಆಗುವ ಹಣದ ನಷ್ಟಕ್ಕಿಂತ ದೊಡ್ಡ ನಷ್ಟ ಬೆಟ್ಟದಲ್ಲಿ ಕಾದಿದೆ. ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಉಳಿದು ಬಂದಿದೆ. ತೋಟಕ್ಕೆ ಎಲೆ ಎಷ್ಟು ಬೇಕು ಎಂಬುದನ್ನು ಬಲ್ಲವರೇ ಒಪ್ಪಿಸಿದ ಪ್ರಮಾಣ ಅದು. ಮತ್ತಿ, ಕಿಂದಳ, ಹೊನ್ನೆ, ನಂದಿಗಳ ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಸಗಣಿ ಗಂಜಲ ಕುಡಿದು, ಗುಂಡಿಯಲ್ಲಿ ಕಳಿತು ತೋಟ ಸೇರುತ್ತಿದ್ದ ಸರಪಳಿಯಲ್ಲಿ ಇಂದು ಒಂದೊಂದೇ ಕೊಂಡಿ ಕಳಚುತ್ತಿದೆ. ಎಡೆಬಿಡದೆ ಸವರಿದ ಮರ ಬೊಡ್ಡೆಯಾಗಿ ನಿಂತಿದೆ. ಬುಡದಲ್ಲಿ ಎಳೆಯ ಸಸಿಯಿಲ್ಲ. ಕೆಲವು ಬೆಟ್ಟ ಅಕೇಶಿಯಾ ನೆಡುತೋಪಾಗಿದೆ. ಕೆಲವು ಸದ್ದಿಲ್ಲದೆ ತೋಟದ ವಿಸ್ತರಣೆಗೆ ಹೋಗಿದೆ. ಗೊಬ್ಬರ ಡಬ್ಬಿಯಲ್ಲಿ ಬರುತ್ತದೆಂಬ ನಂಬಿಕೆ ಬೇರೂರಿದಷ್ಟೂ ಬೆಟ್ಟವನ್ನು ಕಾಯುವ ಕಾರಣ ತೋಟಿಗನ ಮನಸ್ಸಿನಿಂದ ಜಾರುತ್ತದೆ. ಕಾರಣ ಹೋದ ಮೇಲೆ ಬೆಟ್ಟ ಬಹುಕಾಲ ಉಳಿಯುವುದಿಲ್ಲ.

ಆಳಿನ ಅಭಾವ ನಿಜವಾದ ಅಭಾವ. ಬೋಧನೆಯಿಂದ ಅದು ನೀಗುವುದಿಲ್ಲ. ಕಡಿಮೆ ಹೊರೆಯ ದಾರಿಗಳನ್ನು ಹುಡುಕಬೇಕಾಗಿದೆ. ತೋಟದೊಳಗೇ ಬೀಳುವ ಸೋಗೆ, ಹಾಳೆಗಳನ್ನು ತುಂಡರಿಸಿ ಮರದ ನಡುವೆಯೇ ಹಾಸಬಹುದು, ಇಲ್ಲವೇ ಎರೆಹುಳಕ್ಕೆ ಕೊಡಬಹುದು. ಬೇಲಿಸಾಲಿನ ಗ್ಲಿರಿಸಿಡಿಯಾ ಸಾರಜನಕ ತುಂಬಿದ ಸೊಪ್ಪನ್ನು ತೋಟದ ಅಂಚಿನಲ್ಲಿಯೇ ಒದಗಿಸುತ್ತದೆ. ಇನ್ನು ಅಡಿಕೆ ಸಿಪ್ಪೆ. ಸುಲಿದ ಸಿಪ್ಪೆ ರಸ್ತೆಯ ಬದಿಯಲ್ಲಿ ರಾಶಿಬಿದ್ದು, ತಿಂಗಳುಗಟ್ಟಲೆ ಹೊಗೆಯಾಡುವುದು ಮಲೆನಾಡಿನಲ್ಲಿ ಮಾಮೂಲು ದೃಶ್ಯ. ಲಿಗ್ನಿನ್ ಎಂಬ ಗಟ್ಟಿ ನಾರಿನಂಶ ಅದರಲ್ಲಿ ಹೇರಳ. ಕಲ್ಲಿದ್ದಲಿನ ಹ್ಯೂಮಿಕ್‌ನ ಮೂಲವೂ ಬಹುಮಟ್ಟಿಗೆ ಪುರಾತನ ಮರಗಳ ಲಿಗ್ನಿನ್ನೇ. ಸಿಪ್ಪೆಯನ್ನು ಪದರಪದರವಾಗಿ ಹಾಕಿ, ಸಗಣಿ ನೀರು ಅಥವಾ ಗೋಬರ್ ಗ್ಯಾಸ್ ಸ್ಲರಿ ಎರಚಿ, ಹಸಿ ಸೊಪ್ಪು ಬೆರೆಸಿ, ಮಳೆಗೆ ತೊಳೆದುಹೋಗದಂತೆ ಮುಚ್ಚಿಟ್ಟರೆ ಮುಂದಿನ ಹಂಗಾಮಿನ ಹೊತ್ತಿಗೆ ಕಪ್ಪು ಗೊಬ್ಬರ. ತನ್ನ ಅಂಗಳದ ಸಿಪ್ಪೆಗೆ ಬೆಂಕಿಯಿಟ್ಟು, ನೂರಾರು ಮೈಲಿ ಆಚೆಯ ಗಣಿಯಿಂದ ಅದೇ ಕಪ್ಪನ್ನು ಕೊಂಡು ತರುವುದು ಯಾವ ಬಗೆಯ ಸಾವಯವ ಕೃಷಿ?

ಬೆಟ್ಟದ ಕೆಲಸ ಒಬ್ಬೊಬ್ಬರೇ ಮಾಡುವಂಥದಲ್ಲ. ಪಾಲು ಹಂಚಿಕೊಂಡ ನಾಲ್ಕಾರು ಮನೆಯವರು ಕೂತು ಮಾತಾಡಿ, ಬೆಟ್ಟವನ್ನು ಮೂರು ಭಾಗ ಮಾಡಿಕೊಂಡು, ವರ್ಷಕ್ಕೊಂದು ಭಾಗದಲ್ಲಿ ಮಾತ್ರ ಸೊಪ್ಪು ಸವರುವ ಕಟ್ಟಳೆ ಹಾಕಿಕೊಂಡರೆ ಉಳಿದೆರಡು ಭಾಗದ ಮರಗಳಿಗೆ ಚಿಗುರುವ ಬಿಡುವು ಸಿಗುತ್ತದೆ. ತುದಿಯ ಟೊಂಗೆ ಬಿಟ್ಟು ಕಡಿಯುವುದು, ದರಕು ಗುಡಿಸುವಾಗ ಸಸಿಯ ಬುಡವನ್ನು ಬೋಳು ಮಾಡದಿರುವುದು, ಖಾಲಿ ಜಾಗದಲ್ಲಿ ಮಳೆಗಾಲದ ಆರಂಭಕ್ಕೆ ಮತ್ತಿ, ಹೊನ್ನೆ, ನೇರಲೆಯ ಸಸಿ ನೆಡುವುದು ಹಿರಿಯರಿಗೆ ಹೊಸದೇನಲ್ಲ. ಎಲೆ ಉದುರುವ ಕಾಲಕ್ಕೆ ಬೆಂಕಿಯ ಭಯವಿದೆ; ಒಂದು ಮಧ್ಯಾಹ್ನದ ಬೆಂಕಿ ಒಂದು ವರ್ಷದ ದರಕನ್ನೂ ಎಳೆ ಸಸಿಗಳನ್ನೂ ಒಟ್ಟಿಗೆ ತಿನ್ನುತ್ತದೆ. ಬೆಂಕಿಗೆರೆ ತೆಗೆಯುವ ಕೆಲಸ ಡಿಸೆಂಬರ್ ಮುಗಿಯುವುದರೊಳಗೆ ಆಗಬೇಕು. ಮನೆಗೊಂದಾಳು ಬಂದರೆ ಎರಡು ದಿನದ ಕೆಲಸ.